ವಾಟ್ಸನ್ ಗ್ಲೇಸರ್ ಪರೀಕ್ಷೆಗೆ ಬ್ಯಾಂಕ್ ಪುಸ್ತಕವೋ, ಎಲ್‌ಸ್ಯಾಟೋ, ತಾಳಮದ್ದಳೆಯ ಮಾವನೋ?

ಲಂಡನ್ನಿನ ದೊಡ್ಡ ಕಾನೂನು ಸಂಸ್ಥೆಗಳಿಗೆ ಟ್ರೈನಿಂಗ್ ಕಾಂಟ್ರ್ಯಾಕ್ಟ್‌ಗೆ (ಸಾಲಿಸಿಟರ್ ಆಗುವ ಮೊದಲಿನ ತರಬೇತಿ ಕೆಲಸ) ಅರ್ಜಿ ಹಾಕಿದವರಿಗೆ ಈ ಇಮೇಲ್ ಗೊತ್ತಿರುತ್ತದೆ. ಅರ್ಜಿ ಹೋದ ಬೆನ್ನಿಗೇ ಬರುತ್ತದೆ: ಇಂತಿಷ್ಟು ದಿನದೊಳಗೆ ವಾಟ್ಸನ್ ಗ್ಲೇಸರ್ ಪರೀಕ್ಷೆ ಬರೆಯಿರಿ. 40 ಪ್ರಶ್ನೆ, 30 ನಿಮಿಷ, ಐದು ಭಾಗ: ಇನ್ಫರೆನ್ಸ್ (ಊಹೆ), ಅಸಂಪ್ಷನ್ (ಗೃಹೀತ, ಅಂದರೆ ಹೇಳದೆಯೇ ಒಪ್ಪಿಕೊಂಡದ್ದು), ಡಿಡಕ್ಷನ್ (ಖಚಿತವಾಗಿ ಹೊರಡುವ ತೀರ್ಮಾನ), ಇಂಟರ್‌ಪ್ರಿಟೇಷನ್ (ವ್ಯಾಖ್ಯಾನ), ಆರ್ಗ್ಯುಮೆಂಟ್ (ವಾದದ ಬಲ). ಸೆಕ್ಷನ್ ನಂಬರ್ ಕೇಳುವುದಿಲ್ಲ, ಯಾವ ತೀರ್ಪೂ ಬಾಯಿಪಾಠ ಬೇಕಾಗಿಲ್ಲ. ಮುಂದಿಟ್ಟ ನಾಲ್ಕು ಸಾಲಿನಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು, ಇಷ್ಟೇ. ಕ್ಲಿಫರ್ಡ್ ಚಾನ್ಸ್, ಲಿಂಕ್ಲೇಟರ್ಸ್‌ನಂಥ ಸಂಸ್ಥೆಗಳು ಇದನ್ನು ಬಳಸುತ್ತ ಬಂದಿವೆ. 2021ರಲ್ಲಿ ಎಸ್‌ಕ್ಯೂಇ (ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು ಬರೆಯುವ ಪರೀಕ್ಷೆ) ಬಂದ ಮೇಲೆ ಇಲ್ಲಿ ಎಲ್‌ಎಲ್‌ಬಿ ಮಾಡಿದವರೂ ಅತ್ತ ಕಣ್ಣು ಹಾಯಿಸುವುದು ಹೆಚ್ಚಾಗಿದೆ. ಆದರೆ ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಈ ಪರೀಕ್ಷೆಗೆಂದೇ ಒಂದು ಕ್ಲಾಸು ನನ್ನ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಹಿಡಿದು ನೋಡಿದೆ: ಬ್ಯಾಂಕ್ ಪರೀಕ್ಷೆಯ ರೀಸನಿಂಗ್ ಪುಸ್ತಕ, ಅಮೆರಿಕದ ಎಲ್‌ಸ್ಯಾಟ್ ಪತ್ರಿಕೆಗಳು, ವಾಟ್ಸನ್ ಗ್ಲೇಸರ್‌ನದ್ದೇ ಅಭ್ಯಾಸ ಪರೀಕ್ಷೆಗಳು, ಮತ್ತೆ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಪಾತ್ರದ ಮಾತು ಕಟ್ಟಿ ಅರ್ಥ ಹೇಳುವ ನನ್ನ ಸೋದರಮಾವ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಲಿಂಕ್ ಆಗಲೇ ಬಂದಾಗಿದ್ದರೆ ವಾಟ್ಸನ್ ಗ್ಲೇಸರ್ ಅಭ್ಯಾಸ ಪತ್ರಿಕೆ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ. ಕೈಯಲ್ಲಿ ಎರಡು ಮೂರು ತಿಂಗಳಿದ್ದರೆ ಎಲ್‌ಸ್ಯಾಟ್‌ನಿಂದ ಶುರು ಮಾಡಿ. ಬ್ಯಾಂಕ್ ಪುಸ್ತಕವನ್ನು ಇದಕ್ಕಾಗಿಯೇ ದುಡ್ಡು ಕೊಟ್ಟು ತರಬೇಡಿ. ಮಾವನ ವಿಷಯ ಮುಂದೆ ಬರುತ್ತದೆ.

ಬ್ಯಾಂಕ್ ಪುಸ್ತಕದ ಆಸೆ ಹುಟ್ಟುವುದು ಸಹಜ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಅದೇ ವರ್ಷ ಕಾರ್ಪೊರೇಶನ್ ಬ್ಯಾಂಕ್ ಉಡುಪಿಯಲ್ಲಿ, 1924ರಲ್ಲಿ ಕರ್ನಾಟಕ ಬ್ಯಾಂಕ್ ಮತ್ತೆ ಮಂಗಳೂರಿನಲ್ಲಿ ಹುಟ್ಟಿದ ಸೀಮೆ ಇದು. ಬ್ಯಾಂಕ್ ಪರೀಕ್ಷೆಯ ಗೈಡು ಇಲ್ಲದ ಮನೆ ಹುಡುಕುವುದೇ ಕಷ್ಟ. ನನ್ನ ಪ್ರತಿ ಅಣ್ಣನದ್ದು, ಅಂಚೆಲ್ಲ ಗೆದ್ದಲು ತಿಂದದ್ದು. ಅದರ ಸಿಲಾಜಿಸಮ್ ('ಎಲ್ಲ', 'ಕೆಲವು' ಎಂಬ ಹೇಳಿಕೆಗಳಿಂದ ತೀರ್ಮಾನ ತೆಗೆಯುವುದು) ಅಧ್ಯಾಯ ಡಿಡಕ್ಷನ್ ಭಾಗಕ್ಕೆ ನಿಜಕ್ಕೂ ಉಪಕಾರ ಮಾಡಿತು. ವೃತ್ತ ಬಿಡಿಸಿ ಒಂದರೊಳಗೊಂದು ಕೂರಿಸುವ ಅಭ್ಯಾಸ ಕೈಗೆ ಹತ್ತಿದರೆ ಮೂವತ್ತು ಸೆಕೆಂಡಿನ ಕೆಲಸ. ಆದರೆ ಅದೇ ಅಧ್ಯಾಯದಲ್ಲಿ ಒಂದು ಮುಳ್ಳೂ ಇದೆ. ಈಚಿನ ಬ್ಯಾಂಕ್ ಪತ್ರಿಕೆಗಳಲ್ಲಿ 'ಓನ್ಲಿ ಎ ಫ್ಯೂ' ಎಂದರೆ ಕೆಲವು ಹೌದು, ಕೆಲವು ಅಲ್ಲ, ಎರಡೂ ಖಚಿತ. ಅದರ ಗುಂಗಿನಲ್ಲೇ ವಾಟ್ಸನ್ ಗ್ಲೇಸರ್‌ಗೆ ಬಂದರೆ ಅಲ್ಲಿನ ಬರಿಯ 'ಸಮ್' ನೋಡಿ 'ಹಾಗಾದರೆ ಉಳಿದವು ಅಲ್ಲ' ಎಂದು ಕೈ ತಾನಾಗಿ ಒತ್ತಿಬಿಡುತ್ತದೆ. 'ಸಮ್' ಎಂದಾಗ ಕನಿಷ್ಠ ಒಂದು ಇದೆ ಎಂದಷ್ಟೇ ಗೊತ್ತು. ಎಲ್ಲವೂ ಆಗಿರಲೂಬಹುದು.

ಇನ್ನು ಆಸನ ವ್ಯವಸ್ಥೆ, ರಕ್ತಸಂಬಂಧ, ದಿಕ್ಕು, ಕೋಡಿಂಗ್: ಪುಸ್ತಕದ ಅರ್ಧಕ್ಕಿಂತ ಹೆಚ್ಚು ಇವೇ, ಈ ಪರೀಕ್ಷೆಗೆ ಒಂದೂ ಬೇಡ. ದುಂಡು ಮೇಜಿನ ಸುತ್ತ ಎಂಟು ಜನರನ್ನು ಕೂರಿಸಿದ್ದಕ್ಕೆ ಲಂಡನ್ನಿನವರು ಅಂಕ ಕೊಡುವುದಿಲ್ಲ. ಇನ್ನೊಂದು ತೊಂದರೆ ಮೇಲ್ನೋಟಕ್ಕೆ ಕಾಣುವುದಿಲ್ಲ. ಐಬಿಪಿಎಸ್‌ನ ಬ್ಯಾಂಕ್ ಪರೀಕ್ಷೆಯಲ್ಲೂ ಲಾ ಕಾಲೇಜು ಪ್ರವೇಶದ ಕ್ಲಾಟ್‌ನಲ್ಲೂ ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ, ಸಂಶಯ ಬಂದರೆ ಬಿಟ್ಟು ಮುಂದೆ ಹೋಗು ಎಂಬುದು ಅಲ್ಲಿನ ಶಿಸ್ತು. ವಾಟ್ಸನ್ ಗ್ಲೇಸರ್‌ನಲ್ಲಿ ಸರಿ ಉತ್ತರ ಎಷ್ಟು ಎಂಬುದಷ್ಟೇ ಲೆಕ್ಕ. ಬಿಟ್ಟದ್ದೆಲ್ಲ ಬರಿದೇ ಹೋಯಿತು. ಈ ಬಿಡುವ ಅಭ್ಯಾಸ ಹೋಗಿಸಲಿಕ್ಕೆ ಸಮಯ ಬೇಕಾಗುತ್ತದೆ.

ಎಲ್‌ಸ್ಯಾಟ್ ಇದಕ್ಕೆ ಪೂರಾ ವಿರುದ್ಧ ಸ್ವಭಾವದ್ದು. ಅಮೆರಿಕ, ಕೆನಡಾದ ಲಾ ಸ್ಕೂಲುಗಳ ಪ್ರವೇಶ ಪರೀಕ್ಷೆ. 2024ರ ಆಗಸ್ಟಿನಿಂದ ಅದರಲ್ಲಿನ ಲಾಜಿಕ್ ಗೇಮ್ ಭಾಗವನ್ನೇ ತೆಗೆದುಹಾಕಿದ್ದಾರೆ, ಈಗ ಉಳಿದದ್ದು ಲಾಜಿಕಲ್ ರೀಸನಿಂಗ್ ಮತ್ತು ಓದಿ ಗ್ರಹಿಸುವುದು. ನಮಗೆ ಬೇಕಾದ್ದು ಮೊದಲನೆಯದು. ಪರೀಕ್ಷೆ ನಡೆಸುವವರದ್ದೇ ಲಾಹಬ್ ಜಾಲತಾಣದಲ್ಲಿ ಖಾತೆ ತೆರೆದರೆ ಕೆಲವು ಪೂರ್ಣ ಪತ್ರಿಕೆಗಳು ಉಚಿತ. ಪ್ರಶ್ನೆಗಳ ಗುಣಮಟ್ಟದಲ್ಲಿ ನಾನು ನೋಡಿದ ಎಲ್ಲದರಲ್ಲಿ ಇದೇ ಮೇಲು. ತಪ್ಪು ಆಯ್ಕೆಯೂ ಯಾಕೆ ತಪ್ಪು ಎಂದು ಬೆರಳಿಟ್ಟು ತೋರಿಸಬಹುದು, ಕೀ ಉತ್ತರದ ಬಗ್ಗೆ ಜಗಳ ಬೇಕಾಗುವುದಿಲ್ಲ.

ಅಲ್ಲಿಂದ ನಾನು ಎತ್ತಿಕೊಂಡ ಒಂದೇ ಉಪಾಯಕ್ಕಾಗಿಯೂ ಎಲ್‌ಸ್ಯಾಟ್ ಓದಬಹುದು: ನೆಗೇಶನ್ ಟೆಸ್ಟ್. ಯಾವುದನ್ನು 'ಗೃಹೀತ' ಎಂದು ಕೊಟ್ಟಿದ್ದಾರೋ ಅದನ್ನು ತಲೆಕೆಳಗು ಮಾಡಿ ನೋಡಬೇಕು. ಮೂಲ ಮಾತು ಕುಸಿದುಬಿದ್ದರೆ ಅದು ಗೃಹೀತ, ಕುಸಿಯದಿದ್ದರೆ ಅಲ್ಲ. ಈ ಮಾತು ತೆಗೆದುಕೊಳ್ಳಿ: "ಮಳೆಗಾಲದ ಮೊದಲು ಹಂಚು ಸರಿಮಾಡಿಸಬೇಕು, ಅದಕ್ಕೆ ಮೇ ತಿಂಗಳಲ್ಲೇ ಆಳುಗಳನ್ನು ಕರೆಸೋಣ." ಇದರಲ್ಲಿ 'ಮೇ ತಿಂಗಳಲ್ಲಿ ಆಳುಗಳು ಸಿಗುತ್ತಾರೆ' ಎಂಬುದು ಗೃಹೀತವೇ? ತಿರುಗಿಸಿ: ಮೇ ತಿಂಗಳಲ್ಲಿ ಆಳು ಸಿಗುವುದೇ ಇಲ್ಲ. ಕರೆಸೋಣ ಎಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ, ಆದ್ದರಿಂದ ಗೃಹೀತ ಹೌದು. 'ಮಳೆಗಾಲದಲ್ಲಿ ಹಂಚಿನ ಕೆಲಸ ಮಾಡಲಿಕ್ಕೇ ಆಗದು' ಎಂಬುದು? ತಿರುಗಿಸಿ: ಕಷ್ಟಪಟ್ಟರೆ ಮಾಡಬಹುದು. ಆದರೂ ಮೊದಲೇ ಮಾಡಿಸೋಣ ಎಂಬ ಮಾತು ಹಾಗೇ ನಿಂತಿದೆ, ಆದ್ದರಿಂದ ಗೃಹೀತ ಅಲ್ಲ. ನಮ್ಮೂರಿನ ಯಾರನ್ನೇ ಕೇಳಿ, ಎರಡನೆಯದಕ್ಕೂ ಹೌದು ಎಂದೇ ತಲೆ ಆಡಿಸುತ್ತಾರೆ. ಜೂನ್ ತಿಂಗಳಲ್ಲಿ ಪಾಚಿ ಕಟ್ಟಿದ ಮಾಡು ಹತ್ತಿದವರಿಗೆ ಬೇರೆ ಹೇಳಬೇಕಾಗಿಯೂ ಇಲ್ಲ. ಪರೀಕ್ಷೆಗೆ ಆ ಅನುಭವ ಬೇಡ.

ಎಲ್‌ಸ್ಯಾಟ್‌ನ ಕೊರತೆ ಎರಡು. ಒಂದು ವೇಗ. ಅಲ್ಲಿ ಸುಮಾರು 25 ಪ್ರಶ್ನೆಗೆ 35 ನಿಮಿಷ, ಅಂದರೆ ಒಂದಕ್ಕೆ ಹತ್ತಿರ ಹತ್ತಿರ ಒಂದೂವರೆ ನಿಮಿಷ. ಇಲ್ಲಿ ಮುಕ್ಕಾಲು ನಿಮಿಷ. ಎಲ್‌ಸ್ಯಾಟ್ ಗತ್ತಿನಲ್ಲಿ ಓದುತ್ತ ಕೂತರೆ ಕೊನೆಯ ಭಾಗ ಮುಟ್ಟುವ ಮೊದಲೇ ಗಡಿಯಾರ ಮುಗಿದಿರುತ್ತದೆ. ಇನ್ನೊಂದು, ಅಲ್ಲಿ ಐದು ಆಯ್ಕೆಗಳನ್ನು ಒಂದಕ್ಕೊಂದು ತೂಗಿ ನಾಲ್ಕನ್ನು ಹೊಡೆದುಹಾಕುವ ಆಟ. ವಾಟ್ಸನ್ ಗ್ಲೇಸರ್‌ನಲ್ಲಿ ಪ್ರತಿ ಹೇಳಿಕೆಯೂ ಒಂಟಿ. ಒಂದೇ ಪ್ಯಾರಾದ ಮೂರು ಹೇಳಿಕೆಗಳಿಗೂ ಉತ್ತರ 'ಇಲ್ಲ' ಆಗಬಹುದು, ಮೂರಕ್ಕೂ 'ಹೌದು' ಆಗಬಹುದು. 'ಎರಡು ಇಲ್ಲ ಆಯಿತು, ಇದಾದರೂ ಹೌದು ಇರಬೇಕು' ಎಂಬ ಲೆಕ್ಕಾಚಾರಕ್ಕೆ ಇಲ್ಲಿ ಜಾಗವಿಲ್ಲ.

ಈಗ ಅಸಲು ಅಭ್ಯಾಸ ಪರೀಕ್ಷೆಗಳು. ಪರೀಕ್ಷೆಯ ಹಕ್ಕುದಾರರಾದ ಪಿಯರ್ಸನ್‌ನವರ ಮಾದರಿ ಪ್ರಶ್ನೆಗಳಿವೆ, ಕೆಲವು ಕಾನೂನು ಸಂಸ್ಥೆಗಳು ಅರ್ಜಿದಾರರಿಗೆಂದು ಉಚಿತವಾಗಿ ಇಡುತ್ತವೆ, ಚಂದಾ ಕಟ್ಟುವ ತಾಣಗಳೂ ಬೇಕಾದಷ್ಟಿವೆ. ಇವುಗಳಿಂದ ಸಿಗುವ ಮುಖ್ಯ ಲಾಭ ಪ್ರಶ್ನೆಗಳಲ್ಲ. ಒಂದೊಂದು ಭಾಗದ ತಲೆಯಲ್ಲಿ ಬರೆದ ಸೂಚನೆ. ಐದೂ ಭಾಗಕ್ಕೆ ಅಳತೆಗೋಲು ಬೇರೆ ಬೇರೆ ಎಂಬುದು ಇದನ್ನು ಓದಿದರೆ ಮಾತ್ರ ಗೊತ್ತಾಗುವುದು, ಬೇರೆ ಯಾವ ಪುಸ್ತಕವೂ ಕಲಿಸುವುದಿಲ್ಲ.

ಇನ್ಫರೆನ್ಸ್ ಭಾಗದಲ್ಲಿ ಉತ್ತರ ಐದು ಬಗೆ: ಸತ್ಯ, ಬಹುಶಃ ಸತ್ಯ, ಮಾಹಿತಿ ಸಾಲದು, ಬಹುಶಃ ಸುಳ್ಳು, ಸುಳ್ಳು. ಎಲ್ಲರಿಗೂ ಗೊತ್ತಿರುವ ಸಾಮಾನ್ಯ ತಿಳಿವಳಿಕೆಯನ್ನು ಇಲ್ಲಿ ಸ್ವಲ್ಪ ಸೇರಿಸಿಕೊಳ್ಳಬಹುದು. ಡಿಡಕ್ಷನ್‌ಗೆ ಹೋದ ಕೂಡಲೇ ಆ ಸಲಿಗೆ ರದ್ದು. ಒಂದು ಉದಾಹರಣೆ ನಾನೇ ಕಟ್ಟಿದ್ದು: ಎಲ್ಲ ಟ್ರಾಲ್ ಬೋಟುಗಳಿಗೂ ಜೂನ್, ಜುಲೈ ರಜೆ. ಮಲ್ಪೆಯ ಕೆಲವು ದೋಣಿಗಳಿಗೆ ಆಗ ರಜೆಯಿಲ್ಲ. ತೀರ್ಮಾನ ಒಂದು, ಮಲ್ಪೆಯ ಕೆಲವು ದೋಣಿಗಳು ಟ್ರಾಲ್ ಬೋಟುಗಳಲ್ಲ. ಸರಿ. ತೀರ್ಮಾನ ಎರಡು, ಮಲ್ಪೆಯ ನಾಡದೋಣಿಗಳಿಗೆ ರಜೆಯಿಲ್ಲ. ಮಳೆಗಾಲದ ನಿಷೇಧ ನಾಡದೋಣಿಗೆ ಇಲ್ಲ ಎಂದು ಇಲ್ಲಿ ಮೀನು ತಿನ್ನುವ ಮಕ್ಕಳಿಗೂ ಗೊತ್ತು. ಆದರೂ ಉತ್ತರ 'ಹೊರಡುವುದಿಲ್ಲ', ಅಂದರೆ ಕೊಟ್ಟದ್ದರಿಂದ ಈ ತೀರ್ಮಾನ ಬರುವುದಿಲ್ಲ. ಕೊಟ್ಟ ಎರಡು ಸಾಲಿನಲ್ಲಿ ನಾಡದೋಣಿಯ ಸುದ್ದಿಯೇ ಇಲ್ಲವಲ್ಲ.

ಲಾ ಓದಿದವರು ಹೆಚ್ಚಾಗಿ ಎಡವುವುದು ಇಂಟರ್‌ಪ್ರಿಟೇಷನ್‌ನಲ್ಲಿ ಎಂದು ನನ್ನ ಅಂದಾಜು. ಒತ್ತುವ ಬಟನ್ ಡಿಡಕ್ಷನ್‌ನ ಹಾಗೇ, 'ಹೊರಡುತ್ತದೆ', 'ಹೊರಡುವುದಿಲ್ಲ'. ಆದರೆ ಅಲ್ಲಿ 'ಅನಿವಾರ್ಯವಾಗಿ ಹೊರಡಬೇಕು', ಇಲ್ಲಿ 'ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ಹೊರಟರೆ ಸಾಕು'. ಸೆಷನ್ಸ್ ಕೋರ್ಟಿನ ಮಾನದಂಡ ಇದೇ ಎಂದು ಗೊತ್ತಿದ್ದೂ, ಹಿಂದಿನ ಭಾಗದ ಬಿಗಿಯಲ್ಲೇ ಮುಂದುವರಿದು ಎಲ್ಲದಕ್ಕೂ 'ಇಲ್ಲ' ಒತ್ತುವುದು ಸುಲಭ.

ಚಂದಾ ತಾಣಗಳಲ್ಲಿ ಒಂದಕ್ಕೆ ದುಡ್ಡು ಕಟ್ಟಿದ್ದೆ. ಪ್ರಶ್ನೆಗಳು ರಾಶಿ ರಾಶಿ, ವಿವರಣೆ ಮಾತ್ರ 'ಇದು ಪ್ಯಾರಾದಿಂದ ಸ್ಪಷ್ಟ' ಎಂಬಷ್ಟೇ. ಸ್ಪಷ್ಟವಾಗಿದ್ದರೆ ನಾನು ಯಾಕೆ ಕೇಳುತ್ತಿದ್ದೆ ಮಾರಾಯ್ರೆ? 'ಬಹುಶಃ ಸತ್ಯ' ಮತ್ತು 'ಮಾಹಿತಿ ಸಾಲದು' ನಡುವಿನ ಗೆರೆಯನ್ನು ಅವರು ದಿನಕ್ಕೊಂದು ಕಡೆ ಎಳೆದ ಹಾಗಿತ್ತು. ಚಾಟ್‌ಬಾಟ್‌ಗೆ ಹೇಳಿ ಪ್ರಶ್ನೆ ಮಾಡಿಸಿದಾಗಲೂ ಇದೇ ಕತೆ: ಡಿಡಕ್ಷನ್ ಪ್ರಶ್ನೆ ಚೆನ್ನಾಗಿ ಬರುತ್ತದೆ, ಇನ್ಫರೆನ್ಸ್‌ನಲ್ಲಿ 'ಹೌದಾ?' ಎಂದು ಗದರಿಸಿದರೆ ಉತ್ತರವನ್ನೇ ಬದಲಿಸುತ್ತದೆ. ಪ್ರಶ್ನೆಗಳು ದೊಡ್ಡದೊಂದು ಪ್ರಶ್ನೆ ಸಂಗ್ರಹದಿಂದ ಆಯ್ದು ಬರುವುದರಿಂದ ಸೋರಿಕೆ ಪತ್ರಿಕೆ ಎಂದು ಮಾರುವವರ ಹತ್ತಿರ ಹೋಗುವುದೂ ದಂಡ. ನಿಮ್ಮ ಪರದೆಗೆ ಬರುವ ನಲವತ್ತು ಪಕ್ಕದವರಿಗೆ ಬಂದ ನಲವತ್ತಲ್ಲ. ಉಚಿತ ಪತ್ರಿಕೆಗಳನ್ನು ಕಡಿಮೆ ಬರೆದು, ತಪ್ಪಾದ ಒಂದೊಂದಕ್ಕೂ 'ನಾನು ಹೊರಗಿನಿಂದ ಏನು ತಂದೆ' ಎಂದು ಒಂದು ಸಾಲು ನೋಟ್‌ಬುಕ್ಕಿಗೆ ಇಳಿಸಿದ್ದು ಚಂದಾ ಹಣಕ್ಕಿಂತ ಹೆಚ್ಚು ಕೆಲಸ ಮಾಡಿತು.

ಇನ್ನು ಮಾವ. ಕುಂಜಿಬೆಟ್ಟಿನ ಅವರ ಮನೆಯ ಚಾವಡಿಯಲ್ಲಿ ಕೂತು ಒಂದು ಸಂಜೆ ಆರ್ಗ್ಯುಮೆಂಟ್ ಭಾಗದ ಪ್ರಶ್ನೆಯನ್ನು ಕನ್ನಡ ಮಾಡಿ ಓದಿದೆ. ವಿಷಯ, ಘಾಟಿ ರಸ್ತೆಯಲ್ಲಿ ಭಾರೀ ಲಾರಿ ನಿಷೇಧಿಸಬೇಕೇ. ವಾದ, 'ಬೇಡ, ಲಾರಿ ಓಡಿಸುವವರು ಕಷ್ಟಜೀವಿಗಳು, ಅವರನ್ನು ಗೌರವಿಸಬೇಕು.'

"ಮಾವ, ಇದು ಬಲವಾದ ವಾದವಾ, ದುರ್ಬಲವಾ?"

"ದುರ್ಬಲ ಎಂತದಕ್ಕೆ? ಇದನ್ನು ನನಗೆ ಕೊಡು, ಅರ್ಧ ಗಂಟೆ ಅರ್ಥ ಹೇಳ್ತೇನೆ. ಸಭೆ ಅಳ್ತದೆ."

"ಸಭೆ ಅತ್ತರೆ ಅಂಕ ಇಲ್ಲ ಮಾವ. ರಸ್ತೆಯ ಪ್ರಶ್ನೆಗೆ ನೇರ ಸಂಬಂಧ ಉಂಟಾ ಅಂತ ನೋಡ್ಬೇಕು."

"ಹಾಗಾದ್ರೆ ಎಂತ ವಾದ ಮಾರಾಯ್ತಿ ಅದು?"

ಈ ಭಾಗಕ್ಕೆ ಮಾವ ಪೂರ್ತಿ ನಪಾಸು. ವಾದ ಮಾಡುವವನ ಚಾತುರ್ಯ ಇಲ್ಲಿ ಲೆಕ್ಕಕ್ಕಿಲ್ಲ. ಹೇಳಿದ್ದನ್ನು ನಿಜವೆಂದೇ ಇಟ್ಟುಕೊಂಡು, ಅದು ಮುಖ್ಯವೇ, ಪ್ರಶ್ನೆಗೆ ನೇರವಾಗಿ ತಾಗುತ್ತದೆಯೇ ಎಂದಷ್ಟೇ ನೋಡಬೇಕು. ಆದರೆ ಅಸಂಪ್ಷನ್ ಭಾಗಕ್ಕೆ ಬಂದಾಗ ಮುದುಕ ನನ್ನನ್ನು ಸುಸ್ತು ಮಾಡಿದರು. ಎದುರಿನ ಅರ್ಥಧಾರಿ ಬಾಯಿಬಿಟ್ಟು ಹೇಳದೆ ಒಳಗೇ ಒಪ್ಪಿಕೊಂಡದ್ದನ್ನು ಹಿಡಿದೆಳೆದು, 'ಹೀಗೆ ಹೇಳಿದೆಯಾದರೆ ಇಂಥದ್ದನ್ನು ನೀನು ಒಪ್ಪಿದ ಹಾಗಾಯಿತಲ್ಲ' ಎಂದು ಕಟ್ಟಿಹಾಕುವುದು ಅವರ ಜೀವಮಾನದ ಕಸುಬು. ಹೇಳಿಕೆ ಓದಿ ಮುಗಿಸುವ ಮೊದಲೇ ಬೆರಳು ಎತ್ತುತ್ತಿದ್ದರು. ನೆಗೇಶನ್ ಟೆಸ್ಟ್ ಎಂದು ನಾನು ವಿವರಿಸಿದರೆ, ವಾಲಿ ರಾಮನನ್ನು ಪ್ರಶ್ನಿಸುವಾಗ ಬೇರೆ ಎಂತ ಮಾಡುತ್ತಾನೆ ಎಂದು ನನ್ನನ್ನೇ ಕೇಳಿದರು. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಆ ಒಂದು ಭಾಗಕ್ಕೆ ಅವರನ್ನು ಹಿಡಿದುಕೊಳ್ಳಿ. ದುಡ್ಡಿನ ಖರ್ಚಿಲ್ಲ, ಕಾಫಿ ಮಾತ್ರ.

ಪರೀಕ್ಷೆ ಬರೆಯುವ ಹೊತ್ತನ್ನು ಬೇಕಾದ ಹಾಗೆ ಆರಿಸಿಕೊಳ್ಳಲು ಬಿಡುತ್ತಾರೆ, ಆದರೆ ಕೊನೆಯ ಗಡುವು ಲಂಡನ್ ಗಡಿಯಾರದ್ದು. ಬೇಸಿಗೆಯಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಏಪ್ರಿಲ್, ಮೇ ಸಂಜೆಯ ಗುಡುಗು ಮಳೆಗೆ ಕರೆಂಟು ಹೋಗುವ ನಮ್ಮ ಕಡೆಯವರು ಬೆಳಗಿನ ಹೊತ್ತು ಇಟ್ಟುಕೊಳ್ಳುವುದೇ ಸರಿ. ಲ್ಯಾಪ್‌ಟಾಪ್ ಚಾರ್ಜ್ ತುಂಬಿಸಿ, ಮೊಬೈಲ್ ಹಾಟ್‌ಸ್ಪಾಟ್ ತಯಾರಿಟ್ಟು ಕೂತುಕೊಳ್ಳಿ; ಟೈಮರ್ ನಿಮಗಾಗಿ ಕಾಯುವುದಿಲ್ಲ.