ಕ್ರೂ ಕಟ್, ಐವಿ ಲೀಗ್, ಸೈಡ್ ಪಾರ್ಟ್: ನನ್ನ ಎರಡು ಸುಳಿ ಯಾವುದಕ್ಕೆ ಬಗ್ಗಿತು?

ಓದಲು ಅಂತ ಎರಡು ವರ್ಷ ಅಮೆರಿಕದ ನ್ಯೂ ಹೇವನ್‌ನಲ್ಲಿದ್ದೆ. ಆಗ ಅಲ್ಲಿನ ಹಳೇ ಕಾಲದ ಕಾಲೇಜು ಹುಡುಗರ ಮೂರು ಕಟಿಂಗನ್ನೂ ಮಾಡಿಸಿ ನೋಡಿದೆ. ನನ್ನದು ದಪ್ಪ ಕೂದಲು, ಸ್ವಲ್ಪ ಗುಂಗುರು, ಜೊತೆಗೆ ನೆತ್ತಿಯಲ್ಲಿ ಎರಡು ಸುಳಿ. ಎರಡು ಮದುವೆ ಆಗುತ್ತೆ ಅಂತ ಅಜ್ಜಿ ಹೇಳುತ್ತಿದ್ದರು. ಸದ್ಯಕ್ಕೆ ಒಂದೂ ಆಗಿಲ್ಲ.

ಮೊದಲು ಕ್ರೂ ಕಟ್. ಕ್ರೂ ಅಂದರೆ ದೋಣಿಗೆ ಹುಟ್ಟು ಹಾಕುವ ತಂಡ. ಯೇಲ್‌ನಂಥ ಕಾಲೇಜುಗಳ ದೋಣಿ ಹುಡುಗರಿಂದ ಈ ಹೆಸರು ಬಂತು ಅಂತಾರೆ. ಪಕ್ಕಕ್ಕೆ ಮೆಷಿನ್ ನಂಬರ್ 2, ಅಂದರೆ 6 ಮಿ.ಮೀ. ನೆತ್ತಿಯಲ್ಲಿ ಒಂದು ಸೆಂ.ಮೀ., ಹಣೆ ಕಡೆ ಬರುತ್ತಾ ಸ್ವಲ್ಪ ಜಾಸ್ತಿ. ಬಾಚಣಿಗೆ ಬೇಡ, ಸುಳಿಯ ತಂಟೆಯೂ ಇಲ್ಲ. ಏಳೋಕೆ ಕೂದಲಿದ್ದರೆ ತಾನೆ? ಆದರೆ ಬ್ಲೇಜರ್ ಹಾಕಿಕೊಂಡು ಕನ್ನಡಿ ನೋಡಿದರೆ ರಜೆಗೆ ಊರಿಗೆ ಬಂದ ಸಿಪಾಯಿ! ಮೂರು ವಾರಕ್ಕೆ ಆಕಾರವೂ ಕೆಡುತ್ತೆ. ಮತ್ತೆ ಕಟಿಂಗ್, ಅದರ ಮೇಲೆ ಟಿಪ್ಸು.

ಐವಿ ಲೀಗ್ ಅದರ ಅಣ್ಣ. ಯೇಲ್, ಹಾರ್ವರ್ಡ್, ಪ್ರಿನ್ಸ್‌ಟನ್ ಥರದ ಹಳೇ ಕಾಲೇಜುಗಳ ಗುಂಪಿನ ಹೆಸರೇ ಇದಕ್ಕೂ. ಹಾರ್ವರ್ಡ್ ಕ್ಲಿಪ್, ಪ್ರಿನ್ಸ್‌ಟನ್ ಅಂತಲೂ ಕರೆಯುತ್ತಾರೆ. ಮುಂದೆ ಪಕ್ಕಕ್ಕೆ ಬೈತಲೆ ತೆಗೆಯುವಷ್ಟು, ಸುಮಾರು ಐದು ಸೆಂ.ಮೀ. ಬಿಟ್ಟು, ಹಿಂದಕ್ಕೆ ಹೋಗುತ್ತಾ ಇಳಿಸುತ್ತಾರೆ. ಕಾಲರ್ ತುದಿಗೆ ಗುಂಡಿ ಇರುವ ಆಕ್ಸ್‌ಫರ್ಡ್ ಅಂಗಿಗೆ ಇದರಷ್ಟು ಒಪ್ಪುವ ಕ್ರಾಪು ಇನ್ನೊಂದಿಲ್ಲ. ಇಸ್ತ್ರಿ ಇಲ್ಲದಿದ್ದರೂ ಆ ಅಂಗಿ ಚೆನ್ನಾಗೇ ಕಾಣುತ್ತೆ, ಅಲ್ವಾ? ಈ ಕ್ರಾಪೂ ಹಾಗೇ, ಬೆರಳಲ್ಲಿ ತೀಡಿದರೆ ಸಾಕು.

ನನಗೆ ಮಾತ್ರ ಮೊದಲ ಸಲ ಎಡವಟ್ಟಾಯಿತು. ಕಟಿಂಗ್ ಮಾಡುವವನು ಸುಳಿ ಮೇಲೂ ಮೆಷಿನ್ ಓಡಿಸಿ ಎರಡು ಸೆಂ.ಮೀ. ಉಳಿಸಿದ. ಮಲಗುವಷ್ಟು ಉದ್ದವೂ ಅಲ್ಲ, ಸುಮ್ನಿರುವಷ್ಟು ಗಿಡ್ಡವೂ ಅಲ್ಲ. ಎರಡು ವಾರ ತಲೆಯ ಹಿಂದೆ ಹುಂಜದ ಬಾಲ ಹೊತ್ತು ತಿರುಗಿದೆ. ನೀರು, ಜೆಲ್, ಯಾವುದಕ್ಕೂ ಜಗ್ಗಲಿಲ್ಲ. ಕೊಬ್ಬರಿ ಎಣ್ಣೆಗೆ ಬಗ್ಗಿತು, ಆದರೆ ಬಿಳಿ ಕಾಲರ್ ಮೇಲೆ ಜಿಡ್ಡಿನ ಕಲೆ ಆಯಿತು. ಮುಂದಿನ ಸಲ ಮೊದಲೇ ಹೇಳಿಬಿಟ್ಟೆ: ಸುಳಿ ಹತ್ತಿರ ಕತ್ತರಿ ಮಾತ್ರ, ನಾಲ್ಕು ಸೆಂ.ಮೀ. ಇರಲಿ. ಕೂದಲು ತನ್ನ ಭಾರಕ್ಕೆ ತಾನೇ ಮಲಗಿತು.

ಸೈಡ್ ಪಾರ್ಟ್ ಅಂದರೆ ಪಕ್ಕಕ್ಕೆ ನೀಟಾಗಿ ಬೈತಲೆ ತೆಗೆದು ಬಾಚುವ ಕ್ರಾಪು, ಪೂರ್ತಿ ಕತ್ತರಿ ಕೆಲಸ. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿ ಫೋಟೊ ನೆನಪಿಸಿಕೊಳ್ಳಿ. ನಮ್ಮಪ್ಪನ ಮದುವೆ ಫೋಟೊದಲ್ಲೂ ಹೆಚ್ಚುಕಡಿಮೆ ಇದೇ ಕ್ರಾಪು. ಅಂದ ಇದಕ್ಕೇ ಜಾಸ್ತಿ, ಒಪ್ಪುತ್ತೇನೆ. ಆದರೆ ದಿನಾ ಹತ್ತು ನಿಮಿಷ ಪೊಮೇಡು (ಕೂದಲು ಕೂರಿಸುವ ಜಿಡ್ಡಿನ ಕ್ರೀಮು), ಬಾಚಣಿಗೆ ಹಿಡಿದು ನಿಲ್ಲುವ ತಾಳ್ಮೆ ನನಗಿಲ್ಲ. ಸೆಕೆಗೆ ಗುಂಗುರು ಎದ್ದರೆ ಆ ಹತ್ತು ನಿಮಿಷವೂ ದಂಡ.

ಈಗ ಮೈಸೂರಲ್ಲಿದ್ದೇನೆ, ಐವಿ ಲೀಗೇ ಮಾಡಿಸುತ್ತೇನೆ. ಕುರ್ಚಿಯಲ್ಲಿ ಕೂತು, ‘ಪಕ್ಕ ನಂಬರ್ 3, ಮುಂದೆ ಎರಡಿಂಚು, ಸುಳಿ ಹತ್ತಿರ ಮೆಷಿನ್ ಬೇಡ’ ಅಂತ ಪಾಠ ಒಪ್ಪಿಸುತ್ತೇನೆ. ಅಂಗಡಿಯವರು ಬಟ್ಟೆ ಕೊಡವುತ್ತಾ ಪ್ರತಿ ಸಲ ಅದೇ ಕೇಳುತ್ತಾರೆ: ‘ಮೀಡಿಯಂ ತಾನೆ ಸಾರ್?’