ಕ್ವಾಲಿಸ್‌ನ ರೇಡಿಯೇಟರಿಗೆ ಯಾವ ಫ್ಯಾನ್? ಕ್ಲಚ್ಚೋ, ಕರೆಂಟೋ?

ನಮ್ಮ ಕ್ವಾಲಿಸ್ 2004ರದು. ಬಿಡದಿಯಲ್ಲೇ ತಯಾರಾದ ಗಾಡಿ, 2.4 ಲೀಟರಿನ ಡೀಸೆಲ್ ಇಂಜಿನ್. ಸಕಲೇಶಪುರದ ಹತ್ತಿರದ ತೋಟದ ಕೆಲಸ, ತಿಂಗಳಿಗೆ ಎರಡು ಸಲ ಮಂಗಳೂರು, ಹಬ್ಬಕ್ಕೆ ಬೆಂಗಳೂರು, ಎಲ್ಲಕ್ಕೂ ಅದೇ. ನಾಲ್ಕು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಎಂಟು ಜನ ಸುಬ್ರಹ್ಮಣ್ಯದಿಂದ ವಾಪಸ್ ಬರುತ್ತಿದ್ದೆವು. ಶಿರಾಡಿ ಘಾಟಿಯಲ್ಲಿ ಟ್ಯಾಂಕರ್‌ಗಳ ಹಿಂದೆ ಸಿಕ್ಕಿಕೊಂಡಾಗ ಟೆಂಪರೇಚರ್ ಮುಳ್ಳು ಏರತೊಡಗಿತು. ಎಸಿ ಆಫ್ ಮಾಡಿ, ಇಂಜಿನ್ನಿನ ಶಾಖ ಹೊರಗೆಳೆಯಲು ಸೆಕೆಯಲ್ಲೂ ಹೀಟರ್ ಹಾಕಿಕೊಂಡು ಹೇಗೋ ಮಾರನಹಳ್ಳಿ ತಲುಪಿದೆವು.

ಮೆಕ್ಯಾನಿಕ್ ಇಂಜಿನ್ ಬಿಸಿ ಇರುವಾಗಲೇ ಆಫ್ ಮಾಡಿಸಿ, ಫ್ಯಾನನ್ನು ಕೈಯಿಂದ ತಿರುಗಿಸಿದರು. ಗಿರಗಿಟ್ಲೆಯ ಹಾಗೆ ಸುತ್ತಿತು. "ಬಿಸಿ ಇದ್ದಾಗ ಇದು ಬಿಗಿಯಾಗಿರಬೇಕು ಸಾರ್. ಕ್ಲಚ್ ಎಣ್ಣೆ ಹೋಗಿದೆ, ನೋಡಿ" ಅಂತ ಫ್ಯಾನಿನ ನಡುವೆ ಬೆರಳಾಡಿಸಿ ತೋರಿಸಿದರು. ಬೆರಳಿಗೆ ಧೂಳು ಕಲೆತ ಕಪ್ಪು ಜಿಡ್ಡು ಅಂಟಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಫ್ಯಾನ್ ವಾಟರ್ ಪಂಪಿನ ಪುಲ್ಲಿಗೆ ನೇರವಾಗಿ ಕಟ್ಟಿದ್ದಲ್ಲ. ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ ಇದೆ. ಅದರ ಮುಂದುಗಡೆ ಸುರುಳಿ ಸುತ್ತಿದ ಒಂದು ಪಟ್ಟಿ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಆ ಸುರುಳಿ ತಿರುಗಿ ಒಳಗಿನ ಕಿಂಡಿ ತೆರೆಯುತ್ತದೆ. ದಪ್ಪ ಎಣ್ಣೆ ಒಳಗೆ ನುಗ್ಗಿ ಫ್ಯಾನನ್ನು ಪುಲ್ಲಿಗೆ ಹಿಡಿದುಕೊಳ್ಳುತ್ತದೆ. ಗಾಳಿ ತಣ್ಣಗಾದರೆ ಹಿಡಿತ ಸಡಿಲ. ಎಣ್ಣೆ ಸೋರಿದರೆ ಹಿಡಿತವೇ ಇಲ್ಲ.

ಮೊದಲು ಎಣ್ಣೆ ತುಂಬಿಸಿ ನೋಡಿದೆ. ಮೂರು ತಿಂಗಳು ಬಂತು. ಸೋರುವ ಸೀಲ್ ಹಾಗೇ ಇತ್ತಲ್ಲ, ಮತ್ತೆ ಸೋರಿತು. ಅಷ್ಟರಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ: "ಕ್ಲಚ್ ಬಿಸಾಕಿ, ಎಲೆಕ್ಟ್ರಿಕ್ ಹಾಕಿಸಿ. ಡೀಸೆಲ್ ಉಳಿಯುತ್ತೆ, ಪಿಕಪ್ ಬರುತ್ತೆ." ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಫ್ಯಾನ್, ಅದಕ್ಕೆ ಕರೆಂಟು ಹಾಯಿಸುವ ರಿಲೇ, ಬಿಸಿ ಏರಿದಾಗ ಆನ್ ಮಾಡುವ ಥರ್ಮೋ ಸ್ವಿಚ್ ತಂದು ಹಾಕಿಸಿದೆ. ಜೊತೆಗೆ ರೇಡಿಯೇಟರಿನ ಮೇಲಿನ ಹೋಸ್‌ಗೆ ಬಿಸಿ ಅಳೆಯುವ ಬೇರೆ ಡಿಜಿಟಲ್ ಮೀಟರ್. ಡ್ಯಾಶ್‌ಬೋರ್ಡಿನ ಮುಳ್ಳು ಸುಮಾರು ಹೊತ್ತು ನಡುವಲ್ಲೇ ನಿಂತಿರುತ್ತದೆ, ಅದನ್ನು ನಂಬಿ ಹೋಲಿಕೆ ಮಾಡೋಕಾಗಲ್ಲ.

ಊರೊಳಗೆ ಎಲೆಕ್ಟ್ರಿಕ್ ಫ್ಯಾನಿನ ಕೆಲಸ ನಿಜಕ್ಕೂ ಚೆನ್ನ. ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಮುಕ್ಕಾಲು ಗಂಟೆ ನಿಂತರೂ ಮೀಟರ್ 92-94 ಡಿಗ್ರಿ ದಾಟಲಿಲ್ಲ. ಎಸಿ ತಣ್ಣಗೇ ಇತ್ತು. ಇಂಜಿನ್ ನಿಧಾನಕ್ಕೆ ತಿರುಗುತ್ತಿದ್ದರೂ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತದೆ, ಅದೇ ಅದರ ದೊಡ್ಡ ಗುಣ. ಡಿಸೆಂಬರ್ ಬೆಳಗ್ಗೆ ಇಂಜಿನ್ ಬೇಗ ಬಿಸಿಯಾಗುತ್ತದೆ. ಕ್ಲಚ್ ಫ್ಯಾನಿನ ಗೋ ಅನ್ನುವ ಸದ್ದೂ ಇಲ್ಲ.

ಡೀಸೆಲ್ ಉಳಿತಾಯ? ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕ ಹಾಕಿದೆ. ಹೈವೇಯಲ್ಲಿ ಏನೂ ವ್ಯತ್ಯಾಸ ಸಿಗಲಿಲ್ಲ. ಯಾಕೆ ಅಂದರೆ 80ರಲ್ಲಿ ಹೋಗುವಾಗ ಎದುರುಗಾಳಿಯೇ ಸಾಕು, ಕ್ಲಚ್ ಫ್ಯಾನ್ ಆಗ ಹೆಚ್ಚುಕಡಿಮೆ ಸುಮ್ನೆ ತಿರುಗುತ್ತಿರುತ್ತದೆ. ಎಲೆಕ್ಟ್ರಿಕ್ ಫ್ಯಾನಿಗೂ ಕರೆಂಟು ಪುಕ್ಕಟೆ ಬರುವುದಿಲ್ಲ. ನನ್ನ ಫ್ಯಾನ್ ಸುಮಾರು 20 ಆಂಪ್ ಎಳೆಯುತ್ತಿತ್ತು. ಅಷ್ಟನ್ನೂ ಆಲ್ಟರ್ನೇಟರ್ ಬೆಲ್ಟಿನಿಂದಲೇ ತೆಗೆಯಬೇಕು, ಅದೂ ನಡುವೆ ಒಂದಿಷ್ಟು ಕಳೆದುಕೊಂಡು. ಮಳೆಗಾಲದ ರಾತ್ರಿ ಹೆಡ್‌ಲೈಟು, ವೈಪರು, ಎಸಿ ಜೊತೆಗೆ ಈ ಫ್ಯಾನೂ ಶುರುವಾದರೆ ಐಡ್ಲಿಂಗ್‌ನಲ್ಲಿ ಲೈಟು ಮಂಕಾಗುವುದು ಕಣ್ಣಿಗೇ ಕಾಣುತ್ತಿತ್ತು.

ಇನ್ನು ಘಾಟಿ. ಮುಂದಿನ ಏಪ್ರಿಲ್, ಅದೇ ಶಿರಾಡಿ, ಅದೇ ಎಂಟು ಜನ. ಗುಂಡ್ಯ ದಾಟಿ ಸೆಕೆಂಡ್ ಗೇರಿಗೆ ಬಂದ ಮೇಲೆ 95, 98, 101. ಫ್ಯಾನ್ ಒಂದು ನಿಮಿಷವೂ ನಿಲ್ಲದೆ ತಿರುಗುತ್ತಿದೆ, ಆದರೂ ಏರುತ್ತಲೇ ಇದೆ. 103ಕ್ಕೆ ಎಸಿ ಆಫ್ ಮಾಡಿದೆ. ಆಮೇಲೆ ನಿಂತಿತು. ಕುದಿಯಲಿಲ್ಲ ನಿಜ, ಹಳೇ ಕ್ಲಚ್‌ಗಿಂತ ಎಷ್ಟೋ ಮೇಲು. ಹಾಗಾಗಿ ಎಲೆಕ್ಟ್ರಿಕ್ಕೇ ಗೆದ್ದಿತು ಅಂತ ಒಂದಿಡೀ ವರ್ಷ ಎಲ್ಲರಿಗೂ ಹೇಳುತ್ತಿದ್ದೆ.

ಆ ಮಾತು ತಪ್ಪು ಅಂತ ಗೊತ್ತಾಗಿದ್ದು ಜುಲೈನಲ್ಲಿ. ಚಾರ್ಮಾಡಿ ಹತ್ತುತ್ತಿದ್ದೆ, ರಾತ್ರಿ, ಜೋರು ಮಳೆ. ಕೊಟ್ಟಿಗೆಹಾರ ಇನ್ನೂ ದೂರ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಮೀಟರ್ 106 ತೋರಿಸಿತು. ಟಾರ್ಚ್ ಹಿಡಿದು ನೋಡಿದರೆ ರಿಲೇ ಸಾಕೆಟ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು, ಒಂದು ಪಿನ್ ಓರೆಯಾಗಿ ಕೂತಿತ್ತು. ಫ್ಯಾನ್ ಮೋಟಾರ್ ಸರಿಯಾಗೇ ಇತ್ತು. ಡಿಕ್ಕಿಯಲ್ಲಿದ್ದ ವೈರ್ ತುಂಡಿನಿಂದ ಬ್ಯಾಟರಿಗೆ ನೇರ ಕೊಟ್ಟು ಮನೆ ಸೇರಿದೆ. ಕ್ಲಚ್ ಸಾಯುವುದು ನಿಧಾನಕ್ಕೆ, ತಿಂಗಳುಗಟ್ಟಲೆ ಸೂಚನೆ ಕೊಡುತ್ತದೆ. ಎಲೆಕ್ಟ್ರಿಕ್ ನಿಂತರೆ ನಿಂತೇ ಹೋಯಿತು.

ರಿಪೇರಿಗೆ ಹೋದಾಗ ಆ ಮೆಕ್ಯಾನಿಕ್ಕೇ ಕೇಳಿದರು: "ಸಾರ್, ನೀವು ಹೊಸ ಕ್ಲಚ್ ಹಾಕಿ ನೋಡೇ ಇಲ್ಲ ಅಲ್ವಾ?" ನಿಜ. ನಾನು ಹೋಲಿಸಿದ್ದು ಹೊಸ ಎಲೆಕ್ಟ್ರಿಕ್ ಫ್ಯಾನನ್ನು ಸತ್ತ ಕ್ಲಚ್ ಜೊತೆ. ಫ್ಯಾನ್ ಬದಲಾಯಿಸಿದವರಲ್ಲಿ ಹೆಚ್ಚಿನವರು ಇದನ್ನೇ ಮಾಡುತ್ತಾರೆ. ಕ್ಲಚ್ ಸವೆದ ಮೇಲೇ ತಾನೇ ಯಾರಾದರೂ ಬದಲಾಯಿಸಲು ಹೊರಡುವುದು!

ಹೊಸ ಕ್ಲಚ್, ಹಳೇ ಫ್ಯಾನ್ ಎಲೆ, ಫ್ಯಾನಿನ ಸುತ್ತ ಗಾಳಿ ಹಿಡಿದಿಡುವ ಒಡೆಯದ ಶ್ರೌಡ್, ಮೂರನ್ನೂ ಹಾಕಿಸಿದೆ. ಖರ್ಚು ಎಲೆಕ್ಟ್ರಿಕ್‌ಗೆ ಆದಷ್ಟೇ. ಮತ್ತೆ ಏಪ್ರಿಲ್‌ನಲ್ಲಿ ಶಿರಾಡಿ, ಎಂಟು ಜನ, ಎಸಿ ಆನ್. 97ಕ್ಕೆ ಬಂದಾಗ ಬಾನೆಟ್ ಒಳಗಿಂದ ಲಾರಿಯಂಥ ಗೋ ಸದ್ದು ಶುರುವಾಯಿತು, ಕ್ಲಚ್ ಹಿಡಿದಿದೆ ಅಂತ ಅರ್ಥ. ಎರಡು ತಿರುವು ದಾಟುವಷ್ಟರಲ್ಲಿ 94. ಮಾರನಹಳ್ಳಿವರೆಗೂ ಅಷ್ಟರಲ್ಲೇ ಆಡಿತು. ಏರಿನಲ್ಲಿ ಇಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುವಾಗ ಆ ದೊಡ್ಡ ಫ್ಯಾನ್ ಎಳೆಯುವ ಗಾಳಿ ನನ್ನ ಎಲೆಕ್ಟ್ರಿಕ್ ಫ್ಯಾನಿಗೆ ಆಗದ ಮಾತು. ಆ ಹೊತ್ತಿಗೆ ಪಿಕಪ್ ಸ್ವಲ್ಪ ತಿನ್ನುತ್ತದೆ, ನಿಜ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದನ್ನು ತಿರುಗಿಸಲು ಸುಮಾರು ಎಂಟು ಪಟ್ಟು ಶಕ್ತಿ (ಪವರ್) ಬೇಕು. ಆದರೆ ಅದು ಬೇಕಾದಾಗ ಮಾತ್ರ. ಬೆಂಗಳೂರಿನ ಸಿಗ್ನಲ್‌ನಲ್ಲಿ ಮಾತ್ರ ಇದು ಸೋತಿತು. ಹದಿನೈದು ನಿಮಿಷ ನಿಂತರೆ ಎಸಿ ಗಾಳಿ ಬೆಚ್ಚಗಾಗುತ್ತದೆ.

ತೋಟದ ದಾರಿಯಲ್ಲಿ ಹಳ್ಳ ದಾಟುವವರು ಒಂದು ನೆನಪಿಡಿ. ಎಲೆಕ್ಟ್ರಿಕ್ ಆದರೆ ನೀರಿಗೆ ಇಳಿಯುವ ಮುಂಚೆ ಆಫ್ ಮಾಡಲು ಒಂದು ಸ್ವಿಚ್ ಇರಲಿ. ಕ್ಲಚ್ ಆದರೆ ನೀರು ಫ್ಯಾನ್ ಮಟ್ಟಕ್ಕಿದ್ದರೆ ಇಳಿಯಲೇಬೇಡಿ. ನೀರನ್ನು ಹೊಡೆದ ಎಲೆ ಮುಂದಕ್ಕೆ ಬಾಗಿ ರೇಡಿಯೇಟರನ್ನು ಸೀಳಬಹುದು.

ಎಲೆಕ್ಟ್ರಿಕ್ಕೇ ಬೇಕು ಅನ್ನುವವರಿಗೆ: ಒಳ್ಳೆಯ 40 ಆಂಪ್ ರಿಲೇ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ದಪ್ಪ ವೈರ್, ಗಟ್ಟಿ ಅರ್ತಿಂಗ್. ಇವುಗಳಲ್ಲಿ ದುಡ್ಡು ಉಳಿಸಬೇಡಿ. ಫ್ಯಾನನ್ನು ಪ್ಲಾಸ್ಟಿಕ್ ಟೈಗಳಿಂದ ರೇಡಿಯೇಟರ್ ಜಾಲರಿಗೇ ಕಟ್ಟಲು ಬಿಡಬೇಡಿ. ಅಲುಗಾಡಿ ಉಜ್ಜಿ ಟ್ಯೂಬ್ ತೂತಾಗುತ್ತದೆ. ಪಟ್ಟಿ ಹಾಕಿಸಿ ಫ್ರೇಮಿಗೆ ಕೂರಿಸಿ.

ನನ್ನ ಗಾಡಿಯಲ್ಲಿ ಈಗ ಕ್ಲಚ್ಚೇ ಇದೆ. ಬಿಚ್ಚಿದ ಎಲೆಕ್ಟ್ರಿಕ್ ಸೆಟ್ ಯಶವಂತಪುರದಲ್ಲಿರುವ ಭಾವನ ಕ್ವಾಲಿಸ್‌ಗೆ ಹೋಯಿತು, ಹೊಸ ರಿಲೇ ಜೊತೆಗೆ. ಅವರು ಘಾಟಿ ಇಳಿಯುವುದು ವರ್ಷಕ್ಕೊಮ್ಮೆ. ಮೊನ್ನೆ ಫೋನಿನಲ್ಲಿ, ಪೀಣ್ಯ ಫ್ಲೈಓವರ್ ಮೇಲೆ ಅರ್ಧ ಗಂಟೆ ನಿಂತರೂ ಎಸಿ ತಣ್ಣಗಿತ್ತು ಅಂದರು.