ಕುದುರೆ ಕಡಿಯೋ ಮರಕ್ಕೆ ವೆಲ್ಡ್ ಮೆಶ್ ಗಾರ್ಡ್: ಎಂಟು ತಿಂಗಳು ಬಳಸಿದ್ಮೇಲೆ ಬರೀತಿದೀನಿ

ನಮ್ದು ದೊಡ್ಡಬಳ್ಳಾಪುರದ ಹತ್ರ ಸಣ್ಣ ತೋಟ, ರೇಸಿಂದ ರಿಟೈರ್ ಆದ ಎರಡು ಕುದುರೆ ಸಾಕಿದೀವಿ, ಅವಕ್ಕೆ ನೆರಳಿರ್ಲಿ ಅಂತಾನೇ ಪ್ಯಾಡಕ್ (ಕುದುರೆ ಬಿಡೋ ಬೇಲಿ ಹಾಕಿದ ಜಾಗ) ಒಳಗೆ ಐದು ಹೊಂಗೆ ಒಂದು ಮಾವು ಉಳಿಸ್ಕೊಂಡಿದ್ವಿ. ಹೋದ ಬೇಸಿಗೇಲಿ ಹೆಣ್ಣು ಕುದುರೆ ತೊಗಟೆ ಕಡಿಯೋಕೆ ಶುರು ಮಾಡ್ತು, ನಾವು ಗಮನಿಸೋ ಹೊತ್ತಿಗೆ ಒಂದು ಹೊಂಗೆಗೆ ಗೇಣಗಲ ಸುತ್ತಲೂ ಸುಲಿದು ಹಾಕಿತ್ತು. ಒಂದು ಪಕ್ಕ ಹೋದ್ರೆ ಮರ ತಡ್ಕೊಳತ್ತೆ, ಸುತ್ತಲೂ ಹೋದ್ರೆ ಮುಗೀತು, ಯಾಕಂದ್ರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದೇ ತೊಗಟೆಯ ಒಳಪದರದಲ್ಲಿ. ಕೆಲವು ತಿಂಗಳು ಹಸಿರಾಗೇ ಇದ್ದು ಆಮೇಲೆ ಒಣಗೋಯ್ತು. ಅಪ್ಪ ನೆಟ್ಟಿದ್ದ ಮರ ಅದು, ಈಗಲೂ ಆ ಕಡೆ ನೋಡಿದ್ರೆ ಸಂಕಟ ಆಗತ್ತೆ.

ಮೊದ್ಲು ತಂದಿದ್ದು ಕಹಿ ಸ್ಪ್ರೇ. ಹೊಡೆದ ದಿನ ಮೂಸಿ ನೋಡಿ ಹಿಂದೆ ಸರೀತು, ಆದ್ರೆ ಒಂದು ಜೋರು ಮಳೆ ಬಂದ್ರೆ ತೊಳೆದು ಹೋಗತ್ತೆ, ಮಳೆಗಾಲ ಪೂರ್ತಿ ಎಷ್ಟು ಸಲ ಹೊಡೀತೀರ? ನಮ್ಮ ಸೈಸ್ (ಕುದುರೆ ನೋಡ್ಕೊಳ್ಳೋ ಆಳು) ಖಾರದಪುಡಿ ಎಣ್ಣೇಲಿ ಕಲಸಿ ಬಳಿಯೋಣ ಸರ್ ಅಂದ, ಬೇಡಪ್ಪಾ ಅಂದೆ, ಮರಕ್ಕೆ ಮುಖ ಉಜ್ಜಿ ಕಣ್ಣಿಗೆ ಹೋದ್ರೆ ಗತಿ ಏನು. ಸ್ಪರ್ಧೆಗೆ ಹೋಗೋ ಕುದುರೆ ಇದ್ದೋರಂತೂ ಖಾರದ ಸಹವಾಸಾನೇ ಮಾಡ್ಬೇಡಿ, 2008ರ ಒಲಿಂಪಿಕ್ಸಲ್ಲಿ ಜಂಪಿಂಗ್ ಕುದುರೆಗಳ ಡೋಪಿಂಗ್ (ನಿಷೇಧಿತ ಮದ್ದಿನ) ಟೆಸ್ಟಲ್ಲಿ ಕ್ಯಾಪ್ಸೈಸಿನ್ ಸಿಕ್ಕಿ ಸವಾರರು ಹೊರಗೆ ಹೋಗ್ಬೇಕಾಯ್ತು, ಮೆಣಸಿನಕಾಯಿ ಖಾರ ಅಂದ್ರೆ ಅದೇ.

ಕೊನೆಗೆ ಪೇಟೆಯ ವೆಲ್ಡಿಂಗ್ ಶಾಪಿಂದ 1 ಇಂಚು ಕಣ್ಣಿನ ಗ್ಯಾಲ್ವನೈಸ್ಡ್ (ತುಕ್ಕು ಹಿಡೀದಂಗೆ ಸತು ಲೇಪಿಸಿದ) ವೆಲ್ಡ್ ಮೆಶ್, ಅಂದ್ರೆ ತಂತಿ ಬೆಸೆದು ಮಾಡಿದ ಗಟ್ಟಿ ಜಾಲರಿ ತಂದ್ವಿ. ಕೋಳಿ ಜಾಲರಿ ಅಗ್ಗ ಅಂತ ಅದನ್ನ ತರ್ಬೇಡಿ, ಕುದುರೆ ಒರಗಿದ್ರೆ ಅಪ್ಪಚ್ಚಿ ಆಗತ್ತೆ, ಗೊರಸು ಸಿಕ್ಕಾಕೊಂಡ್ರೆ ಕಾಲೇ ಹೋಗತ್ತೆ. ಮುಳ್ಳುತಂತಿ ಬೇಡವೇ ಬೇಡ. ಮೆಶ್ಶನ್ನ ಕಾಂಡಕ್ಕೆ ಅಂಟಿಸಿ ಸುತ್ತಬಾರ್ದು, ಅರ್ಧ ಅಡಿ ಜಾಗ ಬಿಡ್ಬೇಕು. ಒಂದಡಿ ದಪ್ಪದ ಮರ ಅಂದ್ರೆ ಸುತ್ತಳತೆಗೆ ಸುಮಾರು ಆರೂಕಾಲು ಅಡಿ, ಅಂಚು ಒಂದರ ಮೇಲೊಂದು ಕೂರೋಕೆ ಸೇರಿಸಿ ಏಳಡಿ ಕತ್ತರಿಸಿ. ಎತ್ತರ ನಾವು 6 ಅಡಿ ಇಟ್ಟಿದ್ವಿ, ಕತ್ತೆತ್ತಿ ಅದರ ಮೇಲಿಂದ ಕಡೀತು, ಆಮೇಲೆ ಇನ್ನೂ 2 ಅಡಿ ಏರಿಸಿದ್ವಿ, ಅವತ್ತಿಂದ ಒಂದು ಹಲ್ಲಿನ ಗುರುತೂ ಬಿದ್ದಿಲ್ಲ.

ಮೆಶ್‌ದು ಒಂದೇ ತೊಂದ್ರೆ, ಕತ್ತರಿಸಿದ ತುದಿ ಚೂಪು. ಗಂಡು ಕುದುರೆ ಭುಜ ಗೀರ್ಕೊಂಡ್ಮೇಲೆ ಎಲ್ಲಾ ತುದೀನೂ ಒಳಗಡೆಗೆ ಮಡಚಿದ್ವಿ. ನೀವು ಮೊದಲೇ ಮಡಚಿ.

ಆದ್ರೆ ಮೆಶ್ ಮರ ಉಳಿಸತ್ತೆ, ಕಡಿಯೋ ಚಟ ಬಿಡಿಸಲ್ಲ. ಮರ ಸಿಗದೇ ಹೋದಾಗ ನಮ್ಮ ಹೆಣ್ಣು ಕುದುರೆ, ಅವಳು ಪ್ಯಾಡಕ್ಕಿನ ಮರದ ಕಂಬ ಹಿಡಿದ್ಲು. ಡಾಕ್ಟ್ರು ಬಂದು ಹಲ್ಲು ನೋಡಿದ್ರು, ತಿನ್ನೋದೇನು ಅಂತ ಕೇಳಿದ್ರು, ಹುಲ್ಲು ಸಾಲ್ತಿಲ್ಲ ಅಂದ್ರು. 450 ಕೆಜಿ ಕುದುರೆಗೆ ಮೈತೂಕದ ನೂರಕ್ಕೆ ಎರಡರಷ್ಟು, ಅಂದ್ರೆ ದಿನಕ್ಕೆ 9 ಕೆಜಿ ಒಣಹುಲ್ಲು ಬೇಕು, ನಾವು ಓಟ್ಸು ಹುರುಳಿ ಚೆನ್ನಾಗಿ ಹಾಕ್ತಿದೀವಿ ಅಂದ್ಕೊಂಡು ಹುಲ್ಲು ಐದಾರು ಕೆಜಿಗೆ ಇಳಿಸಿದ್ವಿ, ಅದೂ ಎರಡು ಹೊತ್ತಲ್ಲಿ ಖಾಲಿ, ಮಿಕ್ಕ ಹೊತ್ತು ಬಾಯಿಗೆ ಕೆಲಸಾನೇ ಇಲ್ಲ. ಈಗ ಸಣ್ಣ ಕಣ್ಣಿನ ಬಲೇಲಿ ಹುಲ್ಲು ತುಂಬಿ ರಾತ್ರಿಗೂ ಕಟ್ತೀವಿ, ನೆಕ್ಕೋಕೆ ಉಪ್ಪಿನ ಗಡ್ಡೆ ಇಟ್ಟಿದೀವಿ. ಕಂಬದ ತಂಟೆಗೆ ಹೋಗೋದು ತುಂಬಾ ಕಮ್ಮಿ ಆಗಿದೆ.

ಇನ್ನೊಂದು ಮಾತು, ಪ್ಯಾಡಕ್ಕಲ್ಲಿ ಕಣಗಿಲೆ ಇದ್ರೆ ಗಾರ್ಡ್ ಹಾಕೋ ಯೋಚ್ನೇನೇ ಬೇಡ, ಬೇರು ಸಮೇತ ತೆಗೀರಿ, ಒಣಗಿದ ಎಲೇನೂ ವಿಷ. ಸುಬಾಬುಲ್ ಅನ್ನೋ ಮೇವಿನ ಮರದ ಸೊಪ್ಪು ಜಾಸ್ತಿ ತಿಂದ್ರೆ ಜೂಲು, ಬಾಲದ ಕೂದಲು ಉದುರತ್ತೆ.

ಮೆಶ್‌ಗೆ ಐದಕ್ಕೆ ನಾಲ್ಕೂವರೆ, ಸ್ಪ್ರೇಗೆ ಎರಡು. ಮೆಶ್ ಅಂಚುಗಳನ್ನ ವೆಲ್ಡ್ ಮಾಡಿಸ್ದೆ ಬೈಂಡಿಂಗ್ ವೈರಲ್ಲಿ ಕಟ್ಟಿ, ಕಾಂಡ ದಪ್ಪ ಆದ ಹಾಗೆ ಸಡಿಲಿಸ್ಬೋದು. ಅರ್ಧ ಸುಲಿದಿದ್ದ ಇನ್ನೊಂದು ಹೊಂಗೆಗೆ ಗಾಯದ ಅಂಚಿಂದ ಹೊಸ ತೊಗಟೆ ಬೆರಳಗಲ ಉಬ್ಬಿ ಬಂದಿದೆ, ಮೊನ್ನೆ ಮೆಶ್ ಬಿಚ್ಚಿ ಮುಟ್ಟಿ ನೋಡ್ದೆ.